ಮುದ್ರೆ ಬಿದ್ದ ಖಾಲಿ ಕಾಗದ

ಬೀದರ ನೋಡಲು ಹೊರಟ ಶಾಲಾ ಮಕ್ಕಳನ್ನು ಮಹಮೂದ್ ಗವಾನನ ಮದರಸಾಕ್ಕೆ ಕರೆದೊಯ್ಯದೆ ಯಾವ ಮೇಷ್ಟ್ರೂ ಹಿಂದಿರುಗುವುದಿಲ್ಲ. 1472ರಲ್ಲಿ ಕಟ್ಟಿ ಮುಗಿಸಿದ ಆ ವಿದ್ಯಾಲಯದ ಮಿನಾರು, ಬಣ್ಣದ ಹಂಚು ನೋಡಿ ಮಕ್ಕಳು ಬೆರಗಾಗುತ್ತಾರೆ. ಆದರೆ ಅದನ್ನು ಕಟ್ಟಿಸಿದ ಬಹಮನಿ ಪ್ರಧಾನಿ ಸತ್ತ ಬಗೆಯನ್ನೂ ಮಕ್ಕಳಿಗೆ ಹೇಳಬೇಕು.

ಗವಾನನ ಏಳಿಗೆ ಸಹಿಸದ ಆಸ್ಥಾನಿಕರು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನನ್ನು ಕರೆಯುವ ಪತ್ರ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಶಾ ಅದನ್ನು ನಂಬಿದ. 1481ರಲ್ಲಿ ಗವಾನನ ತಲೆ ಉರುಳಿತು. ಮುದ್ರೆ ಒತ್ತಿದವನಿಗೆ ಅದರ ಮೇಲೆ ಏನು ಬರೆಯುತ್ತಾರೆ ಎಂಬುದು ಗೊತ್ತಿತ್ತೋ ಇಲ್ಲವೋ, ತಲೆ ಹೋದದ್ದು ಮಾತ್ರ ಮುದ್ರೆಯ ಒಡೆಯನದು!

ಈಗಿನ ಕಾಲದ ಮುದ್ರೆಗಳು ಯಾವುವು? 12 ಅಂಕಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರು, ಹುಟ್ಟಿದ ದಿನಾಂಕ. ಇವನ್ನು ಕಾಯುವವರು ಯಾರು? ಕಚೇರಿ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತ ನಮ್ಮ ಮಕ್ಕಳೇ.

ಖಟಕ ಚಿಂಚೋಳಿಯ ಒಬ್ಬ ಯುವಕ ಪದವಿ ಮುಗಿಸಿ ಬೀದರಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದಿಟ್ಟುಕೊಳ್ಳಿ. ನಲವತ್ತು ರೈತರ ಸಾಲದ ಅರ್ಜಿಗಳನ್ನು ಸಂಜೆಯೊಳಗೆ ಇಂಗ್ಲಿಷಿನ ಪಟ್ಟಿಯಾಗಿ ಕೊಡಬೇಕು. ಅವನು ಓದಿದ್ದು ಕನ್ನಡ ಮಾಧ್ಯಮ, ಇಂಗ್ಲಿಷ್ ಅಳುಕು. ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಸಾಧನವಿದೆ. ಹೆಸರು, ಆಧಾರ್, ಖಾತೆ ಸಂಖ್ಯೆ, ಯಾರು ಎಷ್ಟು ಬಾಕಿ ಎಂಬ ವಿವರ ಎಲ್ಲವನ್ನೂ ಅದರೊಳಗೆ ಅಂಟಿಸುತ್ತಾನೆ. ಎರಡೇ ನಿಮಿಷದಲ್ಲಿ ಚೊಕ್ಕ ಪಟ್ಟಿ ಸಿದ್ಧ. ಸಾಹೇಬರು ‘ಶಹಬ್ಬಾಸ್’ ಎನ್ನುತ್ತಾರೆ.

ಹುಡುಗ ಕಳ್ಳನಲ್ಲ, ಸೋಮಾರಿಯೂ ಅಲ್ಲ. ಆದರೂ ನಲವತ್ತು ಮನೆಗಳ ಗುಟ್ಟು ಕಚೇರಿಯ ಹೊಸಿಲು ದಾಟಿತು. ಆ ನಲವತ್ತು ಮಂದಿಯನ್ನು ಯಾರೂ ಕೇಳಲೇ ಇಲ್ಲ.

ಗುಟ್ಟು ಹೋಗುವುದೆಲ್ಲಿಗೆ?

ಇಂಥ ಸಾಧನ ಮೊಬೈಲಿನೊಳಗೆ ಕುಳಿತಿರುವಂತೆ ಕಾಣುತ್ತದೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಟೈಪು ಮಾಡಿದ್ದೆಲ್ಲ ಅಂತರ್ಜಾಲದ ಮೂಲಕ ಕಂಪನಿಯ ದೂರದ ಕಂಪ್ಯೂಟರುಗಳಿಗೆ ಹೋಗಿ, ಉತ್ತರ ಅಲ್ಲಿಂದ ಬರುತ್ತದೆ. ಹೋದದ್ದು ಅಲ್ಲಿ ದಾಖಲಾಗಿ ಉಳಿಯಬಹುದು. ಗುಣಮಟ್ಟ ಪರೀಕ್ಷಿಸುವ ಸಿಬ್ಬಂದಿ ಓದಬಹುದು. ಹಲವು ಸಾಧನಗಳ ಉಚಿತ ಆವೃತ್ತಿಗಳಲ್ಲಿ, ಬಳಸುವವರು ‘ಬೇಡ’ ಎಂದು ಗುರುತು ಹಾಕದ ಹೊರತು, ಅದನ್ನು ಮುಂದಿನ ತರಬೇತಿಗೆ ಬಳಸುವುದೂ ಉಂಟು.

ಇದು ಬರೀ ಹೆದರಿಕೆಯ ಮಾತಲ್ಲ. 2023ರ ಮಾರ್ಚ್ 20ರಂದು ಚಾಟ್‌ಜಿಪಿಟಿಯಲ್ಲಿ ಒಂದು ದೋಷ ಕಾಣಿಸಿಕೊಂಡು, ಕೆಲವರ ಸಂಭಾಷಣೆಯ ಶೀರ್ಷಿಕೆಗಳು ಬೇರೆಯವರ ಪರದೆಯ ಮೇಲೆ ಮೂಡಿದವು. ಅದೇ ವರ್ಷ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರುಗಳು ಕಂಪನಿಯ ಗೋಪ್ಯ ಪ್ರೋಗ್ರಾಮನ್ನೇ ಅದರೊಳಗೆ ಹಾಕಿದ್ದು ಬಯಲಾಯಿತು. ಮೇ ತಿಂಗಳಲ್ಲಿ ಕಂಪನಿ ತನ್ನ ಯಂತ್ರಗಳಲ್ಲಿ ಇಂಥ ಸಾಧನಗಳ ಬಳಕೆಯನ್ನು ನಿಷೇಧಿಸಿತು. ಅಷ್ಟು ಓದಿದ ಎಂಜಿನಿಯರುಗಳೇ ಎಡವಿದ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಪಾಡೇನು? ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ 2025ರ ಜನವರಿ 29ರ ಸೂಚನೆಯಲ್ಲಿ, ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಸಾಧನಗಳನ್ನು ಬಳಸಬಾರದೆಂದು ನೌಕರರಿಗೆ ತಿಳಿಸಿತು.

ಒಬ್ಬ ಕನ್ನಡಿಗರ ಹೋರಾಟ

ಖಾಸಗಿತನವೆಂಬುದು ಸಿರಿವಂತರ ಸೊಗಸಲ್ಲ, ಅದು ಪ್ರತಿಯೊಬ್ಬರ ಮೂಲಭೂತ ಹಕ್ಕು. ಇದನ್ನು ದೇಶಕ್ಕೆ ದೊರಕಿಸಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು, ಹಕ್ಕು ಉಳಿದಿದೆ.

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಂಸ್ಥೆಗಳ ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ದಂಡ ಕಟ್ಟುವುದು ಸಂಸ್ಥೆಯೇ ಇರಬಹುದು. ಅಜಾಗರೂಕತೆಯಿಂದ ಕೆಲಸ ಕಳೆದುಕೊಳ್ಳುವವನು ಮಾತ್ರ ನೌಕರನೇ ಆದಾನು.

ಹಾಗಾದರೆ ಬಳಸಲೇಬಾರದೆ?

ಬಳಸಬಾರದೆಂದಲ್ಲ. ಕೆಲಸ ಕೊಡುವವರು ಇಂದು ಈ ವಿದ್ಯೆಯನ್ನೂ ಕೇಳುತ್ತಾರೆ. ಬಳಸುವ ಕ್ರಮ ಕಲಿಯಬೇಕು, ಅಷ್ಟೆ.

ಮೊದಲನೆಯದು, ಕಚೇರಿಯಲ್ಲಿ ಅನುಮತಿ ಇದೆಯೇ, ಯಾವ ಸಾಧನಕ್ಕೆ ಇದೆ ಎಂದು ಮೇಲಿನವರನ್ನು ಕೇಳುವುದು. ಕೇಳಿದರೆ ದಡ್ಡನೆಂದಾರು ಎಂಬ ಸಂಕೋಚ ಬೇಡ. ಎರಡನೆಯದು, ವಿವರ ಕೊಡದೆ ವಿಧಾನ ಕೇಳುವುದು. ಮೇಲಿನ ಯುವಕ ನಲವತ್ತು ಹೆಸರು ಹಾಕುವ ಬದಲು, ‘ಸಾಲದ ಅರ್ಜಿಗಳ ಪಟ್ಟಿಗೆ ಇಂಗ್ಲಿಷಿನಲ್ಲಿ ಯಾವ ಕಲಮುಗಳಿರಬೇಕು?’ ಎಂದು ಕೇಳಬಹುದಿತ್ತು. ಮಾದರಿ ಸಿಕ್ಕಮೇಲೆ ಹೆಸರು, ಸಂಖ್ಯೆಗಳನ್ನು ಕಚೇರಿಯ ಕಂಪ್ಯೂಟರಿನಲ್ಲೇ ತುಂಬಬಹುದಿತ್ತು. ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿತ್ತು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

ಮೂರನೆಯದು, ಪತ್ರವನ್ನೇ ತಿದ್ದಿಸಬೇಕಾದರೆ ‘ರೈತ 1’, ‘ರೈತ 2’ ಎಂದು ಬರೆದು ಸಂಖ್ಯೆಗಳನ್ನು ಅಳಿಸುವುದು. ಆದರೆ ಹೆಸರು ತೆಗೆದರೆ ಸಾಲದು. ಊರಿನ ಹೆಸರು, ಜಮೀನಿನ ಸರ್ವೆ ನಂಬರು ಹಾಗೇ ಬಿಟ್ಟರೆ ಸಣ್ಣ ಊರಲ್ಲಿ ಆ ರೈತ ಯಾರೆಂದು ಹುಡುಕಲು ಎಷ್ಟು ಹೊತ್ತು ಬೇಕು? ನಾಲ್ಕನೆಯದು, ಅರ್ಜಿ, ಆಸ್ಪತ್ರೆಯ ಚೀಟಿ, ಅಂಕಪಟ್ಟಿಗಳ ಫೋಟೊ ಹಾಕದಿರುವುದು. ಫೋಟೊದಲ್ಲಿ ಕಣ್ಣಿಗೆ ಬೀಳದ ಮೂಲೆಯ ಅಕ್ಷರವನ್ನೂ ಯಂತ್ರ ಓದುತ್ತದೆ.

ಪಾಲಕರ ಪಾಠ

ಈ ಅಭ್ಯಾಸ ಕೆಲಸ ಸಿಕ್ಕಮೇಲೆ ಒಮ್ಮೆಗೇ ಬರುವಂಥದಲ್ಲ, ಮನೆಯಲ್ಲೇ ಮೊಳೆಯಬೇಕು. ಝೆರಾಕ್ಸ್ ಅಂಗಡಿಯಲ್ಲಿ ಹಾಳಾದ ಆಧಾರ್ ಪ್ರತಿಯನ್ನು ಅಲ್ಲೇ ಬಿಟ್ಟು ಬರುವ ತಂದೆಯನ್ನು ನೋಡಿ ಬೆಳೆದ ಮಗ ಕಚೇರಿಯಲ್ಲಿ ಬೇರೆಯವರ ಆಧಾರ್ ಕಾಯುತ್ತಾನೆಯೇ? ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಸಾಧ್ಯವಿದ್ದಲ್ಲೆಲ್ಲ ಅದನ್ನೇ ಕೊಡುವುದು ಒಳ್ಳೆಯದು. ಕೆಲಸದ ಅರ್ಜಿಗೆ ಸ್ವವಿವರ ಬರೆಸಿಕೊಳ್ಳುವ ವಿದ್ಯಾರ್ಥಿಗಳೂ ಅಷ್ಟೆ. ಓದು, ಅನುಭವ ಹೇಳಿದರೆ ಸಾಕು. ವಿಳಾಸ, ಫೋನು, ಹುಟ್ಟಿದ ದಿನಾಂಕಗಳನ್ನು ಕೊನೆಗೆ ತಾವೇ ಸೇರಿಸಿಕೊಳ್ಳಬಹುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು ಹಿರಿಯರು. ಮಾಹಿತಿಯೂ ಹಾಗೆಯೇ. ಅರ್ಜಿ ಕೊಟ್ಟ ರೈತ ಕಚೇರಿಯ ಹುಡುಗನ ಮುಖ ನೋಡಿ, ‘ನಮ್ಮೂರ ಹುಡುಗ’ ಎಂದು ನಂಬಿ ಕಾಗದ ಕೊಟ್ಟಿರುತ್ತಾನೆ. ಅವನ ಮುದ್ರೆ ಈಗ ಆ ಹುಡುಗನ ಕೈಯಲ್ಲಿದೆ.