ವಿಜ್ಞಾನದ ಹೆಸರಿನಲ್ಲಿ ಮಕ್ಕಳಿಗೆ ಹೇಳುವ ಸುಳ್ಳು

ಪಿರಿಯಾಪಟ್ಟಣ ತಾಲ್ಲೂಕಿನ ತಾಯಿಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಊರಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಪತ್ರಿಕೆಯಲ್ಲಿ ಬರಬಾರದೆಂದು ಕೇಳಿಕೊಂಡಿದ್ದಾರೆ. 2025ರ ಸೆಪ್ಟೆಂಬರ್ 7ರ ಭಾನುವಾರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತಷ್ಟೆ. ಅದಕ್ಕೆ ಕೆಲವು ದಿನ ಮೊದಲು ಐದನೇ ತರಗತಿಯ ಮಗಳು ಶಾಲೆಯಿಂದ ಬಂದವಳೇ, "ಅಮ್ಮಾ, ಗ್ರಹಣದ ಕಿರಣ ಬಿದ್ದರೆ ಅನ್ನ ವಿಷ ಆಗುತ್ತಂತೆ. ಬಸುರಿಯರು ಚಾಕು ಹಿಡಿದರೆ ಮಗುವಿನ ತುಟಿ ಸೀಳುತ್ತಂತೆ. ಇದೆಲ್ಲ ವಿಜ್ಞಾನ ಅಂತ ಮೇಷ್ಟ್ರು ಹೇಳಿದ್ರು" ಎಂದಳಂತೆ. ಅದೇ ತರಗತಿಯಲ್ಲಿ ಸೀಳುತುಟಿಗೆ ಶಸ್ತ್ರಚಿಕಿತ್ಸೆಯಾದ ಹುಡುಗನೊಬ್ಬನಿದ್ದಾನೆ. ಮಕ್ಕಳೆಲ್ಲ ತಿರುಗಿ ಅವನನ್ನೇ ನೋಡಿದರಂತೆ. "ಡಾಕ್ಟರೇ, ಮಕ್ಕಳನ್ನು ಹೊಡೆದರೆ ಹಿಂಸೆ ಅನ್ನುತ್ತೀರಿ. ಇದನ್ನು ಏನೆನ್ನಬೇಕು?" ಎಂಬುದು ಆ ತಾಯಿಯ ಪ್ರಶ್ನೆ.

ಮೊದಲು ವೈದ್ಯಕೀಯದ ಮಾತು ಮುಗಿಸೋಣ. ಚಂದ್ರಗ್ರಹಣವೆಂದರೆ ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು. ನೆರಳಿನಿಂದ ಹೊಸ ಕಿರಣ ಹುಟ್ಟುವುದಿಲ್ಲ. ಬೆಳದಿಂಗಳು ಕಡಿಮೆಯಾಗುತ್ತದೆ, ಅಷ್ಟೆ. ಅನ್ನ ಹಳಸುವುದು ಸೂಕ್ಷ್ಮಾಣುಗಳಿಂದ. ಅವು ಪಂಚಾಂಗ ನೋಡುವುದಿಲ್ಲ. ಸೂರ್ಯಗ್ರಹಣದಲ್ಲಿ ಮಾತ್ರ ಒಂದು ನಿಜವಾದ ಅಪಾಯವಿದೆ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿನ ಅಕ್ಷಿಪಟಲ ಸುಡುತ್ತದೆ. ಅಲ್ಲಿ ನೋವು ತಿಳಿಸುವ ನರಗಳಿಲ್ಲದ್ದರಿಂದ ಸುಟ್ಟದ್ದು ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ. 'ನೋಡಬೇಡ' ಎಂದ ಅಜ್ಜಿ ಅಷ್ಟರಮಟ್ಟಿಗೆ ಸರಿ.

ಇನ್ನು ಸೀಳುತುಟಿ. ಗರ್ಭದಲ್ಲಿರುವ ಮಗುವಿನ ಮುಖದ ಎರಡೂ ಬದಿಯ ಅಂಗಾಂಶ ಮಧ್ಯಕ್ಕೆ ಬಂದು ಕೂಡಿ ಮೇಲ್ದುಟಿಯಾಗುವುದು ನಾಲ್ಕರಿಂದ ಏಳನೇ ವಾರದೊಳಗೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಆಗಿನ್ನೂ ಖಚಿತವಾಗಿರುವುದಿಲ್ಲ. ಹಾಗೆ ಕೂಡದೆ ಉಳಿದರೆ ಸೀಳು. ವಂಶವಾಹಿ, ತಾಯಿಯ ಧೂಮಪಾನ, ಬಸುರಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಮಾತ್ರೆಗಳು ಇದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಅನೇಕ ವೇಳೆ ಇಂಥದೇ ಕಾರಣವೆಂದು ಬೆರಳು ತೋರಿಸಲಾಗದು. ಏಳನೇ ತಿಂಗಳಲ್ಲಿ ಗ್ರಹಣದ ದಿನ ತರಕಾರಿ ಹೆಚ್ಚಿದಳೆಂದು ಬೈಸಿಕೊಳ್ಳುವ ಸೊಸೆಯ ಮಗುವಿನ ತುಟಿ ಆ ಹೊತ್ತಿಗೆ ರೂಪುಗೊಂಡು ತಿಂಗಳುಗಳೇ ಕಳೆದಿರುತ್ತವೆ.

ಹಾಗಾದರೆ ಆ ಹುಡುಗ ಅಂದು ತರಗತಿಯಲ್ಲಿ ಕಲಿತದ್ದೇನು? ತನ್ನ ಮುಖದ ಗೆರೆಗೆ ತನ್ನ ಅಮ್ಮನೇ ಕಾರಣ ಎಂದು.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ನಿಕೊಲಸ್ ಹಂಫ್ರಿ 1997ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸದಲ್ಲಿ, ಸುಳ್ಳು ತಿಳಿವಳಿಕೆಯಿಂದ ಮಕ್ಕಳ ಮನಸ್ಸನ್ನು ಊನಗೊಳಿಸುವ ಹಕ್ಕು ಹೆತ್ತವರಿಗೂ ಇಲ್ಲ ಎಂದು ವಾದಿಸಿದ್ದರು. ನಾನು ಅಷ್ಟು ದೂರ ಹೋಗಲಾರೆ. ರಾಹು ಚಂದ್ರನನ್ನು ನುಂಗಿದ ಕಥೆ ಹೇಳುವ ಅಜ್ಜಿಯನ್ನು, ಗ್ರಹಣ ಬಿಟ್ಟ ಮೇಲೆ ತಲೆಗೆ ನೀರು ಹಾಕುವ ಅಮ್ಮನನ್ನು ಹಿಂಸಕರೆಂದರೆ ನಮ್ಮ ಮನೆಗಳಲ್ಲಿ ಯಾರೂ ಉಳಿಯುವುದಿಲ್ಲ. ಅದು ಕಥೆ, ಅದು ಆಚಾರ. ಮಗು ದೊಡ್ಡದಾದಂತೆ ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಾನೇ ತೀರ್ಮಾನಿಸುತ್ತದೆ. ಮೇಷ್ಟ್ರ ಮಾತು ಹಾಗಲ್ಲ. ಕಪ್ಪುಹಲಗೆಯ ಮುಂದೆ ನಿಂತು 'ವಿಜ್ಞಾನ' ಎಂದು ಮುದ್ರೆ ಒತ್ತಿದ ಮೇಲೆ ನಿಜ ಸುಳ್ಳನ್ನು ತೂಗುವ ತಕ್ಕಡಿಯೇ ಮಗುವಿನ ಕೈತಪ್ಪುತ್ತದೆ. ನಾಳೆ ಅದೇ ಮೇಷ್ಟ್ರು ನೀರು ಕುದಿಸಿ ಕುಡಿಯಿರಿ, ಲಸಿಕೆ ಹಾಕಿಸಿಕೊಳ್ಳಿ ಎಂದಾಗ ಎರಡರಲ್ಲಿ ಯಾವುದು ನಿಜವೆಂದು ಅದು ಹೇಗೆ ತಿಳಿದೀತು?

ಈ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಊನ ಸರಿಹೋಗುತ್ತದೆಂಬ ನಂಬಿಕೆ. ಹೂತವರು ಕಟುಕರಲ್ಲ, ಹೆತ್ತವರು. ಅವರೂ ಒಂದು ಕಾಲಕ್ಕೆ ಮಕ್ಕಳಾಗಿ ಗ್ರಹಣದ ಮಾತನ್ನು ದೊಡ್ಡವರಿಂದ ಕೇಳಿಸಿಕೊಂಡವರೇ.

ಮೌಢ್ಯ ನಿಷೇಧ ಕಾಯ್ದೆಯೆಂದು ಜನ ಕರೆಯುವ ನಮ್ಮ ರಾಜ್ಯದ ಕಾನೂನು 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದು ಕೃತ್ಯವನ್ನು ಶಿಕ್ಷಿಸುತ್ತದೆ, ಪಾಠವನ್ನಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಮಗುವಿಗೆ ಅನಗತ್ಯ ಮಾನಸಿಕ ಅಥವಾ ದೈಹಿಕ ಯಾತನೆ ಕೊಡುವುದನ್ನು ಅಪರಾಧವೆನ್ನುತ್ತದೆ. ಆದರೆ ಗ್ರಹಣದ ಪಾಠವನ್ನು ಅಲ್ಲಿಯವರೆಗೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಪೊಲೀಸರು ತರಗತಿಗೆ ಬಂದರೆ ಹೆದರುವವರೂ ಮಕ್ಕಳೇ. ಕಾನೂನಿನ ಲೆಕ್ಕದಲ್ಲಿ ಇದು ದೌರ್ಜನ್ಯವಲ್ಲದಿರಬಹುದು. ವೈದ್ಯನ ಲೆಕ್ಕದಲ್ಲಿ, ಮಗುವನ್ನು ನೋಡಿಕೊಳ್ಳಬೇಕಾದವರು ತಿಳಿಯಬಹುದಾಗಿದ್ದನ್ನು ತಿಳಿಯದೆ ಮಗುವಿಗೆ ಮಾಡಿದ ಗಾಯ ಗಾಯವೇ. ಅದಕ್ಕೆ ಹಿಂಸೆ ಎಂಬ ಹೆಸರು ಹೆಚ್ಚೇನಲ್ಲ.

ಗ್ರಹಣ ಎಂದೋ ಒಮ್ಮೆ ಬಂದುಹೋಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲ, ಕೃಷ್ಣರಾಜನಗರದ ಭತ್ತದ ಗದ್ದೆ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ದಿನನಿತ್ಯದ ಭಯವೆಂದರೆ ಹಾವು. ಮಂತ್ರದ 'ಶಬ್ದತರಂಗ'ದಿಂದ ವಿಷ ಇಳಿಯುತ್ತದೆ ಎಂದು ಇದಕ್ಕೂ ಈಗ ವಿಜ್ಞಾನದ ಅಂಗಿ ತೊಡಿಸಿದ್ದಾರೆ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು; ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಬದುಕಿದವರ ಪುಣ್ಯವೆಲ್ಲ ಮಂತ್ರದ ಖಾತೆಗೆ ಜಮಾ. ಕಟ್ಟುಹಾವಿನ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಮಾತು ತೊದಲುವುದು, ಕೊನೆಗೆ ಉಸಿರು ನಿಲ್ಲುವುದು. ಪ್ರತಿವಿಷದ ಚುಚ್ಚುಮದ್ದಿಗೆ, ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಓಡುವುದೊಂದೇ ದಾರಿ. 2000ರಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬುದು ಸಂಶೋಧಕರ ಅಂದಾಜು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ನಮ್ಮ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದಿದೆ. 2024ರ ಫೆಬ್ರವರಿಯಿಂದ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಆದರೆ ಹೊಲದಲ್ಲಿ ಅಪ್ಪನ ಪಕ್ಕದಲ್ಲಿರುವುದು ಕೆಲವೊಮ್ಮೆ ಹತ್ತು ವರ್ಷದ ಮಗು ಮಾತ್ರ. ಅದು ಮಂತ್ರದವನ ಮನೆಗೆ ಓಡುತ್ತದೋ, ಆಂಬುಲೆನ್ಸಿಗಾಗಿ 108ಕ್ಕೆ ಫೋನು ಮಾಡುತ್ತದೋ ಎಂಬುದು ತರಗತಿಯಲ್ಲಿ ಕೇಳಿದ್ದರ ಮೇಲೆ ನಿಂತಿದೆ.

ಪತ್ರ ಬರೆದ ತಾಯಿಗೆ ನನ್ನ ಸಲಹೆ ಇಷ್ಟು. ಜಗಳಕ್ಕೆ ಹೋಗಬೇಡಿ. ಮೇಷ್ಟ್ರನ್ನು ಕಂಡು, ಇದು ಯಾವ ಪಠ್ಯಪುಸ್ತಕದಲ್ಲಿದೆ ಎಂದು ವಿನಯದಿಂದಲೇ ಕೇಳಿ. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮ ದೇಶದಲ್ಲಿ ಭಾಗಶಃ ಕಾಣುತ್ತದೆ; ಅಂದು ಸೋಮವಾರ. ವೇಧಕಾಲವೆಂದು ಮಕ್ಕಳ ಬಿಸಿಯೂಟ ನಿಲ್ಲದಂತೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಈಗಲೇ ಮಾತಾಡಿ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿ ಹಾಳೆಯ ಮೇಲೆ ಬೀಳುವ ಬಿಂಬವನ್ನು ಮಕ್ಕಳಿಗೆ ತೋರಿಸಲು ಮೇಷ್ಟ್ರನ್ನೇ ಕೇಳಿಕೊಳ್ಳಿ. ಅದಕ್ಕೂ ಮುಂಚೆ ಆ ಹುಡುಗನ ಮನೆಗೆ ಒಮ್ಮೆ ಹೋಗಿಬನ್ನಿ. ಅವನ ಅಮ್ಮನಿಗೆ, ಅವನಿಗೂ ಕೇಳಿಸುವಂತೆ, ನಾಲ್ಕರಿಂದ ಏಳನೇ ವಾರದ ಲೆಕ್ಕವನ್ನು ಬಿಡಿಸಿ ಹೇಳಿ.