ಸತ್ತವರಿಗಾಗಿ ಪ್ರಾರ್ಥಿಸಬಹುದೆ?

ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಮಂಗಳೂರಿನ ಯಾವುದಾದರೂ ಕ್ಯಾಥೊಲಿಕ್ ಚರ್ಚಿನ ಸ್ಮಶಾನಕ್ಕೆ ಹೋಗಿ ನೋಡಿ. ಮಳೆಗಾಲದಲ್ಲಿ ಎದ್ದ ಹುಲ್ಲನ್ನು ಕಿತ್ತು, ಗೋರಿ ತೊಳೆದು, ಹೂವಿಟ್ಟು ಮೇಣದಬತ್ತಿ ಹಚ್ಚಿರುತ್ತಾರೆ. ಬಲಿಪೂಜೆಯ ಜೊತೆಗೆ ಪಾದ್ರಿಗಳು ಗೋರಿಗಳ ಸಾಲಿನ ನಡುವೆ ನಡೆದು ತೀರ್ಥ ಚಿಮುಕಿಸುತ್ತಾರೆ. ಅದೇ ಊರಿನಲ್ಲಿ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ಪ್ರೊಟೆಸ್ಟೆಂಟ್ ಕುಟುಂಬಗಳಿವೆ. ತಮ್ಮವರ ಗೋರಿಯ ಮುಂದೆ ಅವರೂ ತಲೆಬಾಗುತ್ತಾರೆ. ಆದರೆ ಅವರ ಪ್ರಾರ್ಥನೆ ಸತ್ತವರು ಬದುಕಿದ್ದಕ್ಕೆ ದೇವರಿಗೆ ಕೃತಜ್ಞತೆ, ಉಳಿದವರಿಗೆ ಸಾಂತ್ವನ, ಅಷ್ಟೇ. ಸತ್ತವರಿಗಾಗಿ ಏನನ್ನಾದರೂ ಬೇಡುವುದು ಅವರ ಬೋಧನೆಗೆ ಒಗ್ಗುವುದಿಲ್ಲ.

ಪುನರುತ್ಥಾನ, ಕಡೆಯ ತೀರ್ಪು, ಸ್ವರ್ಗ, ನರಕ ಇವೆಲ್ಲವನ್ನೂ ಎರಡೂ ಕಡೆಯವರು ನಂಬುತ್ತಾರೆ. ಜಗಳ ಇರುವುದು ನಡುವಿನ ಶುದ್ಧೀಕರಣ ಸ್ಥಳ ಅಥವಾ ಪರ್ಗೆಟರಿಯ ಬಗ್ಗೆ. ದೇವರ ಕೃಪೆಯಲ್ಲೇ ಸತ್ತರೂ ಪೂರ್ತಿ ಶುದ್ಧರಾಗದವರು ಅಲ್ಲಿ ಶುದ್ಧರಾಗಿ ಸ್ವರ್ಗ ಸೇರುತ್ತಾರೆ, ಬದುಕಿರುವವರ ಪ್ರಾರ್ಥನೆ, ಬಲಿಪೂಜೆ, ದಾನಧರ್ಮಗಳು ಅವರಿಗೆ ನೆರವಾಗುತ್ತವೆ ಎನ್ನುತ್ತದೆ ಕ್ಯಾಥೊಲಿಕ್ ಬೋಧನೆ. ಶ್ರಾದ್ಧ ಮಾಡುವ ಮನೆಗಳಲ್ಲಿ ಬೆಳೆದವರಿಗೆ ಇದು ಪರಿಚಿತ ಎನ್ನಿಸಬಹುದು. ಆದರೆ ಇಲ್ಲಿ ಮರುಹುಟ್ಟಿಲ್ಲ, ಪಶ್ಚಾತ್ತಾಪಕ್ಕೆ ಎರಡನೆಯ ಅವಕಾಶವೂ ಇಲ್ಲ. ಶುದ್ಧೀಕರಣ ಸ್ಥಳ ಸೇರಿದವರೆಲ್ಲರಿಗೂ ಸ್ವರ್ಗ ಖಚಿತ.

ಪ್ರೊಟೆಸ್ಟೆಂಟರ ವಾದ ಬಲವಾಗಿಯೇ ಇದೆ. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಅಪರಾಧಿಗೆ ಯೇಸು ಅಂದೇ ಪರದೈಸಿನ ಮಾತು ಕೊಡುತ್ತಾನೆ, ನಡುವೆ ಯಾವ ತಂಗುದಾಣದ ಸುದ್ದಿಯೂ ಇಲ್ಲ. ಲೂಕನ ಸುವಾರ್ತೆಯ ಧನಿಕ ಮತ್ತು ಲಾಜರನ ಸಾಮತಿಯಲ್ಲಿ ಸತ್ತ ಮೇಲೆ ಈ ಕಡೆಯಿಂದ ಆ ಕಡೆಗೆ ದಾಟಲಾಗದ ಕಂದರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಕ್ರಿಸ್ತನ ಬಲಿದಾನ ಪಾಪಕ್ಕೆ ಸಾಕು ಎಂದ ಮೇಲೆ ಬಾಕಿ ತೀರಿಸಲು ಇನ್ನೇನು ಉಳಿಯಿತು? ಕ್ಯಾಥೊಲಿಕರು ಆಧಾರವಾಗಿ ತೋರಿಸುವುದು ಬೆಂಕಿಯನ್ನು ಹಾದು ಉಳಿಯುವವನ ಕುರಿತು ಪೌಲ ಕೊರಿಂಥದವರಿಗೆ ಬರೆದ ಮಾತನ್ನು. ಅಲ್ಲಿನ ಪ್ರಸಂಗ ಸಭೆ ಕಟ್ಟುವ ಬೋಧಕರ ಕೆಲಸದ ಪರೀಕ್ಷೆ. ಅದರಿಂದ ಪರಲೋಕದ ನಕ್ಷೆ ಬಿಡಿಸುವುದು ಕಷ್ಟ.

ಇನ್ನೊಂದು ಆಧಾರ ಮಕ್ಕಬಿಯರ ಎರಡನೆಯ ಗ್ರಂಥ. ಯುದ್ಧದಲ್ಲಿ ಬಿದ್ದ ಯೆಹೂದಿ ಸೈನಿಕರನ್ನು ಹೂಳಲು ಹೋದಾಗ ಅವರ ಅಂಗಿಯೊಳಗೆ ಅನ್ಯದೇವತೆಗಳ ತಾಯಿತಗಳು ಸಿಗುತ್ತವೆ. ದಳಪತಿ ಯೂದನು ಬೆಳ್ಳಿಹಣ ಒಟ್ಟುಮಾಡಿ, ಅವರ ಪಾಪಪರಿಹಾರದ ಬಲಿಗೆಂದು ಯೆರೂಸಲೇಮಿಗೆ ಕಳಿಸುತ್ತಾನೆ. ಕ್ಯಾಥೊಲಿಕರಿಗೆ ಇದು ಬೈಬಲಿನ ಭಾಗ, ಪ್ರೊಟೆಸ್ಟೆಂಟರಿಗೆ ಅಲ್ಲ. ಜೊತೆಗೊಂದು ತೊಡಕೂ ಇದೆ: ವಿಗ್ರಹಾರಾಧನೆ ಕ್ಯಾಥೊಲಿಕ್ ಲೆಕ್ಕದಲ್ಲೇ ಘೋರ ಪಾಪ, ಅದಕ್ಕೆ ಶುದ್ಧೀಕರಣ ಸ್ಥಳ ಸಾಲದು. ಆದರೂ ಕ್ರಿಸ್ತನಿಗಿಂತ ಮೊದಲೇ ಕೆಲವು ಯೆಹೂದಿಗಳಾದರೂ ಸತ್ತವರಿಗಾಗಿ ಬೇಡುತ್ತಿದ್ದರು ಎಂಬುದಕ್ಕೆ ಈ ಕತೆ ಸಾಕ್ಷಿ.

ಕ್ಯಾಥೊಲಿಕ್ ಪಕ್ಷದ ನಿಜವಾದ ಬಲವಿರುವುದು ಇಂಥ ಹಳೆಯ ರೂಢಿಯಲ್ಲಿ. ಸಂತ ಅಗಸ್ಟೀನನ ತಾಯಿ ಮೋನಿಕಾ 387ರಲ್ಲಿ ರೋಮಿನ ಬಂದರು ಓಸ್ಟಿಯಾದಲ್ಲಿ ತೀರಿಕೊಂಡಳು. ಆಫ್ರಿಕಾದಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಬಹುಕಾಲ ಆಸೆಪಟ್ಟಿದ್ದವಳು, ಕೊನೆಗೆ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ನೀವು ಎಲ್ಲಿದ್ದರೂ ಪೂಜಾಪೀಠದ ಬಳಿ ನನ್ನನ್ನು ನೆನೆಯಿರಿ ಎಂದು ಮಕ್ಕಳಿಗೆ ಹೇಳಿದಳಂತೆ. ತನ್ನ ಆತ್ಮಕಥನದಲ್ಲಿ ಇದನ್ನು ಬರೆಯುವ ಅಗಸ್ಟೀನ್, ಓದುಗರೂ ಆಕೆಯನ್ನು ನೆನೆಯಲಿ ಎಂದು ಕೇಳಿಕೊಳ್ಳುತ್ತಾನೆ. ಪರ್ಗೆಟರಿ ಎಂಬ ನಾಮಪದ ಬಳಕೆಗೆ ಬಂದದ್ದು 12ನೇ ಶತಮಾನದ ಕೊನೆಗೆ ಎಂದು ಫ್ರೆಂಚ್ ಇತಿಹಾಸಕಾರ ಝಾಕ್ ಲ ಗಾಫ್ 1981ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಹಾಗಾದರೂ ಪ್ರಾರ್ಥನೆ ಆ ಹೆಸರಿಗಿಂತ ಏಳೆಂಟು ನೂರು ವರ್ಷವಾದರೂ ಹಳೆಯದು.

ಕೆಟ್ಟದ್ದು ಹಣ ಬೆರೆತಾಗ. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ದುಡ್ಡು ಬೇಕಿತ್ತು. ಜರ್ಮನಿಯಲ್ಲಿ ಟೆಟ್ಸೆಲ್ ಎಂಬ ಸನ್ಯಾಸಿ, ಪಾಪಕ್ಕೆ ಉಳಿದ ಶಿಕ್ಷೆಯನ್ನು ಕಳೆಯುತ್ತವೆ ಎನ್ನಲಾದ ಪಾಪವಿಮೋಚನಾ ಪತ್ರಗಳನ್ನು ಮಾರುತ್ತ ತಿರುಗಿದ. ಸತ್ತ ತಂದೆತಾಯಿಯ ಹೆಸರಿನಲ್ಲೂ ಅವನ್ನು ಕೊಳ್ಳಬಹುದಿತ್ತು. 1517ರ ಅಕ್ಟೋಬರ್ 31ರಂದು ಲೂಥರ್ ಹೊರಡಿಸಿದ 95 ಪ್ರತಿಪಾದನೆಗಳು ಇದಕ್ಕೆ ಉತ್ತರ. ಆಗ ಅವನು ಶುದ್ಧೀಕರಣ ಸ್ಥಳವನ್ನು ಇನ್ನೂ ನಂಬುತ್ತಿದ್ದ; ಪೋಪರಿಗೆ ಆತ್ಮಗಳನ್ನು ಬಿಡಿಸುವ ಶಕ್ತಿ ಇದ್ದರೆ ಹಣಕ್ಕೇಕೆ ಕಾಯಬೇಕು, ಪ್ರೀತಿಯಿಂದಲೇ ಎಲ್ಲರನ್ನೂ ಬಿಡಿಸಬಾರದೇ ಎಂಬುದು ಜನ ಕೇಳುವ ಪ್ರಶ್ನೆ ಎಂದು ಬರೆದ. ಆ ಪ್ರಶ್ನೆಗೆ ಇಂದಿಗೂ ಸಲೀಸಾದ ಉತ್ತರವಿಲ್ಲ. 1530ರ ಹೊತ್ತಿಗೆ ಅವನು ಶುದ್ಧೀಕರಣ ಸ್ಥಳವನ್ನೇ ತಳ್ಳಿಹಾಕಿ ಬರೆದ.

ರೋಮ್ ಪಾಠ ಕಲಿಯದೆ ಇರಲಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಶುದ್ಧೀಕರಣ ಸ್ಥಳವನ್ನು ಎತ್ತಿಹಿಡಿಯಿತು, ಜೊತೆಗೆ ದುಡ್ಡಿನ ದಂಧೆ ನಿಲ್ಲಿಸಬೇಕೆಂದಿತು. ಇಷ್ಟು ದಿನಗಳ ವಿಮೋಚನೆ ಎಂಬ ಎಣಿಕೆಯನ್ನು 1967ರಲ್ಲಿ ಪೋಪ್ ಆರನೇ ಪೌಲ್ ತೆಗೆದುಹಾಕಿದರು. ಶುದ್ಧಿಗೊಳಿಸುವ ಬೆಂಕಿ ಕ್ರಿಸ್ತನೇ ಎಂಬ ಕೆಲವು ದೇವಶಾಸ್ತ್ರಜ್ಞರ ಅಭಿಪ್ರಾಯವನ್ನು 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಮೆಚ್ಚಿ ಬರೆದರು. ಆದರೆ ನವೆಂಬರ್ 1ರಿಂದ 8ರೊಳಗೆ ಸ್ಮಶಾನಕ್ಕೆ ಹೋಗಿ ಪ್ರಾರ್ಥಿಸಿ, ಉಳಿದ ನಿಯಮಗಳನ್ನೂ ಪಾಲಿಸಿದರೆ ಸತ್ತವರೊಬ್ಬರಿಗೆ ಪೂರ್ಣ ವಿಮೋಚನೆ ಎಂಬ ಕಟ್ಟಳೆ ಈಗಲೂ ಇದೆ. ಹಣವಿಲ್ಲ ನಿಜ, ಲೆಕ್ಕ ಪೂರ್ತಿ ಹೋಗಿಲ್ಲ.

ಅತ್ತ ಪ್ರೊಟೆಸ್ಟೆಂಟರಲ್ಲೂ ಎಲ್ಲರ ನಿಲುವು ಒಂದೇ ಆಗಿ ಉಳಿಯಲಿಲ್ಲ. ಇಂಗ್ಲೆಂಡಿನ ಆಂಗ್ಲಿಕನ್ ಸಭೆ 16ನೇ ಶತಮಾನದಲ್ಲೇ ಶುದ್ಧೀಕರಣ ಸ್ಥಳದ ಬೋಧನೆಯನ್ನು ಆಧಾರವಿಲ್ಲದ ಕಲ್ಪನೆ ಎಂದು ತಿರಸ್ಕರಿಸಿತ್ತು. ಮೊದಲ ಮಹಾಯುದ್ಧದಲ್ಲಿ ಮನೆಮನೆಯ ಹುಡುಗರು ಫ್ರಾನ್ಸಿನ ಕಂದಕಗಳಲ್ಲಿ ಸತ್ತಾಗ ತಾಯಂದಿರಿಗೆ ಆ ನಿಲುವು ಸಾಕಾಗಲಿಲ್ಲ. ಮಡಿದವರಿಗಾಗಿ ಪ್ರಾರ್ಥನೆ ಆ ಸಭೆಯ ಸಾರ್ವಜನಿಕ ಆರಾಧನೆಯೊಳಗೆ ಮತ್ತೆ ಬಂತು. ಆಂಗ್ಲಿಕನ್ ಲೇಖಕ ಸಿ. ಎಸ್. ಲೂಯಿಸ್ ತಾನು ಸತ್ತವರಿಗಾಗಿ ಪ್ರಾರ್ಥಿಸುವುದಾಗಿಯೂ ಶುದ್ಧೀಕರಣವನ್ನು ನಂಬುವುದಾಗಿಯೂ ಬರೆದರು.

ಪಠ್ಯದ ಆಧಾರ ಕೇಳಿದರೆ ಪ್ರೊಟೆಸ್ಟೆಂಟರದ್ದೇ ಮೇಲುಗೈ. ಆದಿಸಭೆಯ ನಡವಳಿಕೆ ಕೇಳಿದರೆ ಕ್ಯಾಥೊಲಿಕರದ್ದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಜಗಳದಲ್ಲಿ ಯಾರೂ ಕರೆಯದ ಮೂರನೆಯವರು. ಪೂರ್ವದ ಆರ್ಥೊಡಾಕ್ಸ್ ಸಭೆಯವರು ಸತ್ತವರಿಗಾಗಿ ತಪ್ಪದೆ ಪ್ರಾರ್ಥಿಸುತ್ತಾರೆ. ಆದರೆ ಆ ಪ್ರಾರ್ಥನೆ ಎಲ್ಲಿ, ಹೇಗೆ, ಎಷ್ಟು ಕೆಲಸ ಮಾಡುತ್ತದೆಂಬ ಲ್ಯಾಟಿನ್ ವಿವರಣೆ ಅವರಿಗೆ ಬೇಡ. 1438ರಲ್ಲಿ ಇಟಲಿಯ ಫೆರಾರದಲ್ಲಿ ಎರಡೂ ಸಭೆಯವರು ಸೇರಿದ್ದಾಗ ರೋಮಿನವರು ಶುದ್ಧೀಕರಣದ ಬೆಂಕಿಯನ್ನು ಒಪ್ಪಿಸಲು ನೋಡಿದಾಗ ಆರ್ಥೊಡಾಕ್ಸ್ ಕಡೆಯ ಎಫೆಸದ ಮಾರ್ಕ್ ಅದಕ್ಕೆ ಎದುರು ವಾದಿಸಿದ, ಎರಡೂ ಸಭೆಗಳನ್ನು ಒಂದಾಗಿಸುವ ಮರುವರ್ಷದ ಒಪ್ಪಂದಕ್ಕೆ ಸಹಿಯನ್ನೂ ಹಾಕಲಿಲ್ಲ.

ಮಂಗಳೂರಿನಲ್ಲಿ ಒಂದೇ ಮನೆಯಲ್ಲಿ ಎರಡೂ ಸಭೆಯವರಿದ್ದರೆ ಅವರಲ್ಲಿ ಒಂದು ಮನವಿ. ಪ್ರೊಟೆಸ್ಟೆಂಟ್ ಸೊಸೆ ನವೆಂಬರ್ 2ರಂದು ಮಾವನ ಗೋರಿಯ ಮುಂದೆ ಸುಮ್ಮನೆ ನಿಂತರೆ ಅದನ್ನು ಪ್ರೀತಿಯ ಕೊರತೆ ಎಂದು ಎಣಿಸಬೇಡಿ. ಅತ್ತೆ ಗಂಡನ ಹೆಸರಿನಲ್ಲಿ ಬಲಿಪೂಜೆ ಮಾಡಿಸಿದರೆ, ಅವರ ಮುಂದೆ ಟೆಟ್ಸೆಲನ ಕತೆ ತೆಗೆಯಬೇಡಿ.