ಗಂಟೆಯಲ್ಲಿ ಅಳೆದ ದೂರ, ಬೆಟ್ಟ ತೆರುವ ಬೆಲೆ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಎಷ್ಟು ದೂರ? ಈ ಪ್ರಶ್ನೆಗೆ ಇಂದು ಉತ್ತರ ಬರುವುದು ಗಂಟೆಗಳ ಲೆಕ್ಕದಲ್ಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಉತ್ತರ ಧ್ರುವದ ಮೇಲೆ ಹಾರಿ, ನಡುವೆ ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರು ತಲುಪಿದಾಗ ದೇಶವೇ ಸಂಭ್ರಮಿಸಿತು. ಅದನ್ನು ನಡೆಸಿದ ಮಹಿಳಾ ಪೈಲಟ್‌ಗಳ ಸಾಮರ್ಥ್ಯ ಪ್ರಶಂಸನೀಯವೇ ಸರಿ. ಆದರೆ ನೇರ ಅಳತೆಯಲ್ಲೇ ಸುಮಾರು 14,000 ಕಿ.ಮೀ. ಇರುವ ಆ ದೂರ ಅಂದು ಕಿರಿದಾಗಲಿಲ್ಲ. ಅದರ ಬೆಲೆ ಮಾತ್ರ ಕಣ್ಣಿಗೆ ಮರೆಯಾಯಿತು.

ಆ ಬೆಲೆಯನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. ಇಂತಹ ಒಂದು ಹಾರಾಟಕ್ಕೆ 100 ಟನ್ನಿಗೂ ಹೆಚ್ಚು ಇಂಧನ ಬೇಕು. ದೂರದ ಸಂತೆಗೆ ಹೊರಟ ಗಾಡಿ ಎತ್ತುಗಳ ಹುಲ್ಲನ್ನೇ ಹೇರಿಕೊಂಡು ಹೋಗುವಂತೆ, ಕೊನೆಯ ಗಂಟೆಗಳ ಇಂಧನವನ್ನು ಹೊರಲೆಂದೇ ಮೊದಲ ಗಂಟೆಗಳಲ್ಲಿ ಇಂಧನ ಉರಿಯುತ್ತದೆ. ಒಂದು ಕಿಲೋ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ 238 ಆಸನಗಳ ಆ ವಿಮಾನದಲ್ಲಿ ಆಸನವೊಂದರ ಪಾಲು 1.3 ಟನ್ನಿಗೂ ಮಿಗಿಲು. ಹೋಗಿ ಬಂದರೆ ಅದು ಸರಾಸರಿ ಭಾರತೀಯನ ಇಡೀ ವರ್ಷದ ಪಾಲನ್ನು ಮೀರುತ್ತದೆ.

ಈ ಹೊಗೆ ಯಾವ ದೇಶದ ಖಾತೆಗೆ? ಯಾವುದಕ್ಕೂ ಅಲ್ಲ! 1997ರ ಕ್ಯೋಟೊ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ರಾಷ್ಟ್ರಗಳ ಲೆಕ್ಕದಿಂದ ಹೊರಗಿಟ್ಟಿತು. ಅದಕ್ಕೂ ಮೊದಲೇ, 1944ರ ಷಿಕಾಗೊ ಒಪ್ಪಂದವು ವಿಮಾನದ ಟ್ಯಾಂಕಿನಲ್ಲಿ ಬಂದ ಇಂಧನಕ್ಕೆ ಸುಂಕ ಬೇಡವೆಂದಿತ್ತು. ಟಿಲ್ಲರಿಗೆ ಡೀಸೆಲ್ ಹಾಕಿಸುವ ರೈತ ಮಾತ್ರ ಪ್ರತಿ ಲೀಟರಿಗೂ ತೆರಿಗೆ ತೆರುತ್ತಾನೆ.

ಜಗತ್ತಿನ ಇಂಗಾಲದ ಹೊಗೆಯಲ್ಲಿ ವಿಮಾನಗಳ ಪಾಲು ಶೇ. 2.5ರಷ್ಟು ಮಾತ್ರ ಎಂಬ ಸಮಾಧಾನ ಕೇಳಿಬರುತ್ತದೆ. 2018ರಲ್ಲಿ ವಿಮಾನ ಹತ್ತಿದವರು ಜಗತ್ತಿನ ಜನರಲ್ಲಿ ಶೇ. 11ರಷ್ಟು ಮಾತ್ರ ಎಂಬ ಅಂದಾಜನ್ನು ಅದರ ಪಕ್ಕದಲ್ಲಿಟ್ಟರೆ ಆ ಸಮಾಧಾನ ಉಳಿಯುವುದಿಲ್ಲ.

ಹತ್ತದವರ ಪಾಲಿಗೆ ಬರುವುದೇನು? 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳು ಮಣ್ಣಿನಡಿ ಹೂತುಹೋದವು. ಅಂದಿನ ಮಳೆಯನ್ನು ಹವಾಗುಣ ಬದಲಾವಣೆಯು ಸುಮಾರು ಶೇ. 10ರಷ್ಟು ತೀವ್ರಗೊಳಿಸಿತ್ತೆಂದು ವಿಜ್ಞಾನಿಗಳ ವಿಶ್ಲೇಷಣೆ ಹೇಳಿತು. ಒಂದು ವಿಮಾನದಿಂದ ಒಂದು ಗುಡ್ಡ ಕುಸಿಯದು, ನಿಜ. ಆದರೆ ಲೆಕ್ಕಕ್ಕೇ ಬಾರದ ಹೊಗೆಯೂ ಅದೇ ಆಕಾಶವನ್ನು ಸೇರುತ್ತದೆ. ಆ ಆಕಾಶದ ಮಳೆ ಸಹ್ಯಾದ್ರಿಯ ಮೇಲೆಯೇ ಸುರಿಯುತ್ತದೆ.

ಓದಲು ಹೋದ ಮಗಳನ್ನು ನೋಡಲು ವಿಮಾನ ಹತ್ತುವ ತಾಯಿತಂದೆಯರು ಇಲ್ಲಿ ಅಪರಾಧಿಗಳಲ್ಲ. ಉತ್ತರ ಕೊಡಬೇಕಾದವರು ನಿಯಮ ರೂಪಿಸುವವರು. ಅಂತರರಾಷ್ಟ್ರೀಯ ಹಾರಾಟದ ಹೊಗೆ ದೇಶಗಳ ಖಾತೆಗೆ ಸೇರಲಿ. ಅದರ ಇಂಧನಕ್ಕೆ ತೆರಿಗೆ ಬೀಳಲಿ. ಪದೇ ಪದೇ ಹಾರುವವರು ಹೆಚ್ಚು ತೆರಲಿ. ಆ ಹಣ ಕುಸಿಯುವ ಬೆಟ್ಟಗಳ ರಕ್ಷಣೆಗೆ ಬರಲಿ. ಟಿಕೆಟಿನ ಮೇಲೆ ಹೊರಡುವ, ತಲುಪುವ ವೇಳೆಯ ಜೊತೆಗೆ ಉರಿದ ಇಂಧನದ ಲೆಕ್ಕವೂ ಅಚ್ಚಾಗಲಿ. ಅಲ್ಲಿಯವರೆಗೆ ಹದಿನೇಳು ಗಂಟೆಗಳ ಪ್ರಯಾಣವೆಂಬುದು ಅರ್ಧ ಸತ್ಯವಷ್ಟೇ.